ಕಥೆಯನ್ನು ಮುಗಿಸುವ ಹೊಣೆ

ಕಥೆಯನ್ನು ಆರಂಭಿಸುವುದು ಸುಲಭ, ಮುಗಿಸುವುದು ಕಷ್ಟ. ಈ ಮಾತನ್ನು ಕಾದಂಬರಿಯ ವಿಷಯವಾಗಿಯೋ ನಾಟಕದ ವಿಷಯವಾಗಿಯೋ ಹೇಳಿದರೆ ನಮ್ಮ ಅಧ್ಯಾಪಕರು ತಲೆದೂಗುವರು. ಇದನ್ನೇ ಒಂದು ವಿಡಿಯೋ ಗೇಮಿನ ವಿಷಯವಾಗಿ ಹೇಳಹೊರಟರೆ ಮಾತ್ರ ಅನೇಕರು ಹುಬ್ಬುಗಂಟಿಕ್ಕುವರು. ಹೊತ್ತು ಕಳೆಯಲು ಆಡುವ ಆಟಕ್ಕೂ ಸಾಹಿತ್ಯವಿಚಾರಕ್ಕೂ ಏನು ನಂಟು ಎಂದು ಕೇಳುವರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ತೋಚಿದ ಉತ್ತರವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ನಿವೇದಿಸುತ್ತೇನೆ.

ಜಪಾನಿನ ಸೆಗಾ ಕಂಪನಿಯು 1987ರಲ್ಲಿ 'ಫ್ಯಾಂಟಸಿ ಸ್ಟಾರ್' ಎಂಬ ಆಟವನ್ನು ಹೊರತಂದಿತು. ಆಡುವವನು ಕಥಾನಾಯಕನ ಪಾತ್ರವನ್ನು ವಹಿಸಿ, ಊರೂರು ತಿರುಗಿ, ಸಂಗಡಿಗರನ್ನು ಕೂಡಿಸಿಕೊಂಡು ಕಥೆಯನ್ನು ಮುಂದೆ ನಡೆಸುವ ಬಗೆಯ ಆಟವಿದು. ಅಲ್ಗೋಲ್ ಎಂಬ ಸೂರ್ಯಮಂಡಲ, ಅದರಲ್ಲಿ ಪಾಲ್ಮಾ, ಮೊಟಾವಿಯಾ, ಡೆಜೋಲಿಸ್ ಎಂಬ ಮೂರು ಗ್ರಹಗಳು. ದುಷ್ಟ ದೊರೆಯ ಭಟರು ಅಣ್ಣನನ್ನು ಕೊಂದುದಕ್ಕಾಗಿ ಕತ್ತಿ ಹಿಡಿದು ಹೊರಟ ಅಲಿಸ್ ಎಂಬ ತರುಣಿಯೇ ಅದರ ನಾಯಕಿ. ಎರಡನೆಯ ಭಾಗ 1989ರಲ್ಲಿ, ಮೂರನೆಯದು 1990ರಲ್ಲಿ ಬಂದವು. ನಾಲ್ಕನೆಯದೂ ಕಡೆಯದೂ ಆದ ಭಾಗ 1993ರ ಡಿಸೆಂಬರಿನಲ್ಲಿ ಬಂದಿತು. 'ಸಹಸ್ರಮಾನದ ಅಂತ್ಯದಲ್ಲಿ' ಎಂಬುದು ಅದರ ಉಪಶೀರ್ಷಿಕೆ. ಫ್ಯಾಂಟಸಿ ಸ್ಟಾರ್ ಎಂಬ ಹೆಸರು 2000ದಿಂದೀಚೆಗೆ ಬೇರೆ ಆಟಗಳಿಗೂ ಸಂದಿರುವುದು ನಿಜ. ಆದರೆ ಅಲ್ಗೋಲಿನ ಕಥೆಗೆ ಮಂಗಳ ಹಾಡಿದ್ದು ಈ ನಾಲ್ಕನೆಯ ಭಾಗವೇ.

ಹಿಂದಿನ ಭಾಗಗಳು ಬಿಟ್ಟುಹೋದ ಸಾಲವನ್ನು ನೋಡಿದರೆ ಈ ಕೊನೆಯ ಕಷ್ಟ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ಮರಳುಗಾಡಾಗಿದ್ದ ಮೊಟಾವಿಯಾ ಹಸಿರಾಗಿದೆ. ಮಳೆ, ಬೆಳೆ, ಅನ್ನ ಎಲ್ಲವನ್ನೂ 'ಮದರ್ ಬ್ರೈನ್' ಎಂಬ ಯಂತ್ರವೇ ನೋಡಿಕೊಳ್ಳುತ್ತದೆ. ಜನ ದುಡಿಯುವುದನ್ನೇ ಮರೆತಿದ್ದಾರೆ. ಆ ಸುಖದ ಬೆಲೆಯೇನೆಂಬುದು ಬರಬರುತ್ತ ಗೊತ್ತಾಗುತ್ತದೆ. ಪಾಲ್ಮಾ ಗ್ರಹವೇ ನಾಶವಾಗುತ್ತದೆ. ನೇಯಿ ಎಂಬ ಮುಗ್ಧೆ, ಆಡುವವನ ಕಣ್ಣೆದುರಿಗೇ ಸಾಯುತ್ತಾಳೆ. ಯಂತ್ರದ ಹಿಂದೆ ಇದ್ದವರು ನಮ್ಮ ಭೂಮಿಯಿಂದ ಬಂದ ಮನುಷ್ಯರೇ ಎಂದು ತಿಳಿಯುವಷ್ಟರಲ್ಲಿ ಕಡೆಯ ಕಾಳಗ ಮೊದಲಾಗುತ್ತದೆ. ಅದರಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಹೇಳದೆಯೇ ಆಟ ಮುಗಿಯುತ್ತದೆ. ಬೇರೊಂದು ತಂಡ ರಚಿಸಿದ ಮೂರನೆಯ ಭಾಗವಂತೂ ಅಲ್ಗೋಲನ್ನು ಬಿಟ್ಟು, ಪಾಲ್ಮಾದಿಂದ ತಪ್ಪಿಸಿಕೊಂಡು ಹೋದವರ ಸಂತತಿಯ ಮೂರು ತಲೆಮಾರಿನ ಕಥೆಯನ್ನು ಹಿಡಿಯಿತು.

ಇಷ್ಟೂ ಎಳೆಗಳನ್ನು ಕೂಡಿಸುವ ಹೊರೆ ನಾಲ್ಕನೆಯ ಭಾಗದ ನಿರ್ದೇಶಕರಾದ ರಿಯೆಕೊ ಕೊಡಾಮಾ ಮತ್ತು ತೋರು ಯೋಶಿದಾ ಇವರ ಮೇಲೆ ಬಿತ್ತು. ಕೊಡಾಮಾ ಮೊದಲ ಭಾಗಕ್ಕೆ ಚಿತ್ರ ಬರೆದ ಕಲಾವಿದೆ. ಹೆಂಗಸರು ವಿರಳವಾಗಿದ್ದ ಆ ಉದ್ಯಮವನ್ನು 1984ರಲ್ಲಿ ಸೇರಿ ಹೆಸರು ಪಡೆದ ಈಕೆ 2022ರಲ್ಲಿ ತೀರಿಕೊಂಡರು. ಇವರ ಕೈಯಲ್ಲಿದ್ದ ಸಾಧನವಾದರೂ ಎಷ್ಟು? 24 ಮೆಗಾಬಿಟ್, ಎಂದರೆ ಕೇವಲ 3 ಮೆಗಾಬೈಟ್ ಹಿಡಿಸುವ ಒಂದು ಕಾರ್ಟ್ರಿಜ್. ಇಂದು ನಾವು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರವೇ ಎಷ್ಟೋ ಸಲ ಅಷ್ಟು ಜಾಗವನ್ನು ತಿನ್ನುತ್ತದೆ. ಅಷ್ಟರೊಳಗೆ ಮೂರು ಗ್ರಹಮಂಡಲದ ಕಥೆ, ಸಂಗೀತ, ವ್ಯಂಗ್ಯಚಿತ್ರ ಪುಸ್ತಕದ ಚೌಕಗಳಂತೆ ಒಂದರ ಮೇಲೊಂದು ತೆರೆಯುವ ಚಿತ್ರಗಳು, ಎಲ್ಲವೂ ಅಡಗಬೇಕಾಗಿತ್ತು.

ಕಥೆ ತೊಡಗುವುದು ಮೊಟಾವಿಯಾದ ಒಂದು ವಿದ್ಯಾಪೀಠದಲ್ಲಿ. ಅದರ ನೆಲಮಾಳಿಗೆಯಲ್ಲಿ ಭೂತಾಕಾರದ ಪ್ರಾಣಿಗಳು ಸೇರಿಕೊಂಡಿವೆ. ಅವನ್ನು ಕೊಲ್ಲಲು ಬಂದವರು ಆಲಿಸ್ ಬ್ರಾಂಗ್ವಿನ್ ಎಂಬ ಬೇಟೆಗಾರ್ತಿ ಮತ್ತು ಅವಳ ಶಿಷ್ಯ ಚಾಝ್. ವಿದ್ಯಾಪೀಠದ ಪ್ರಾಂಶುಪಾಲರು ನಿಜಸಂಗತಿಯನ್ನು ಮುಚ್ಚಿಡುವರು, ಆಲಿಸ್ ಅವರನ್ನು ಬೆದರಿಸಿ ಹೆಚ್ಚು ಹಣ ಕೀಳುವಳು. (ನಮ್ಮ ಪ್ರಾಂಶುಪಾಲರು ಮನ್ನಿಸಬೇಕು, ಕಥೆಯೇ ಹಾಗಿದೆ.) ಎರಡನೆಯ ಭಾಗದ ಅನಾಹುತವಾಗಿ ಸಾವಿರ ವರ್ಷ ಕಳೆದಿದೆ. ಹಳೆಯ ಯಂತ್ರಗಳು ಕೆಟ್ಟು, ಹಸಿರು ಮತ್ತೆ ಮರಳಾಗುತ್ತಿದೆ. ಆಡುವವನು ಆಲಿಸಳೇ ನಾಯಕಿ ಎಂದು ಭಾವಿಸುತ್ತಿರುವಾಗ ಶಿಷ್ಯನಿಗೆ ಬೀಳಬೇಕಾಗಿದ್ದ ಪೆಟ್ಟನ್ನು ಅವಳು ತಾನು ತಡೆದು, ಹಾಸಿಗೆ ಹಿಡಿದು ಸಾಯುತ್ತಾಳೆ. ಆಟದಲ್ಲಿ ಸತ್ತವರನ್ನು ಎಬ್ಬಿಸುವ ಮದ್ದುಗಳಿವೆ. ಆದರೆ ಅವಳ ಪಾಲಿಗೆ ಯಾವ ಮದ್ದೂ ಇಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಒಳ್ಳೆಯ ಮುಕ್ತಾಯವೆಂದರೆ ದೊಡ್ಡ ಮುಕ್ತಾಯವಲ್ಲ, ಹಿಂದಿನ ಸಾಲವನ್ನು ತೀರಿಸುವ ಮುಕ್ತಾಯ. ಈ ಕೊನೆಯ ಭಾಗ ಅದನ್ನು ಎಷ್ಟು ಪ್ರಾಮಾಣಿಕವಾಗಿ ಮಾಡಿದೆಯೆಂಬುದನ್ನು ನೋಡಿರಿ. ಮಡಿದುಹೋದ ನೇಯಿಯ ಬೀಜಾಂಶದಿಂದ ಹುಟ್ಟಿದವಳೇ ಇಲ್ಲಿಯ ರೀಕಾ. ಅಲ್ಗೋಲಿನ ಮೂರು ಗ್ರಹಗಳೂ ಒಂದು ಆದಿಕಾಲದ ಕತ್ತಲೆಯನ್ನು ಕಟ್ಟಿಟ್ಟ ಮುದ್ರೆಗಳೆಂದೂ, ಪಾಲ್ಮಾ ಒಡೆದಾಗ ಒಂದು ಮುದ್ರೆಯೇ ಒಡೆಯಿತೆಂದೂ ಕಡೆಯಲ್ಲಿ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ಬರಿಯ ದುರಂತವಾಗಿದ್ದುದು ಇಲ್ಲಿ ಕಾರಣವಾಗಿ ಮಾರ್ಪಡುತ್ತದೆ. ಕಡೆಯ ಯುದ್ಧಕ್ಕೆ ಹೊರಡುವಾಗ, ದಾರಿಯಲ್ಲಿ ಅಗಲಿದ ಹಳೆಯ ಸಂಗಡಿಗರೂ ಮತ್ತೆ ಬಂದು ಸೇರುತ್ತಾರೆ. ಅವರಲ್ಲಿ ಐದನೆಯವರಾಗಿ ಯಾರನ್ನು ಕರೆದೊಯ್ಯಬೇಕೆಂಬುದನ್ನು ಆಡುವವನೇ ಆರಿಸಬೇಕು.

ಇದಕ್ಕಿಂತಲೂ ಮಿಗಿಲಾದ ಘಟ್ಟ ಇನ್ನೊಂದಿದೆ. ಲೋಕದ ಗುಟ್ಟನ್ನು ತಿಳಿಸಿ, 'ಈ ಕತ್ತಲೆಯೊಡನೆ ಕಾದುವುದಕ್ಕೆಂದೇ ನಿಮ್ಮನ್ನು ಇಲ್ಲಿ ಇರಿಸಲಾಗಿದೆ' ಎಂಬರ್ಥದ ಮಾತು ಬಂದಾಗ ಚಾಝ್ ಒಪ್ಪುವುದಿಲ್ಲ. ಯಾವನೋ ಕಾಣದವನ ಕೈಗೊಂಬೆಯಾಗಿ ತಾನೇಕೆ ಕಾದಬೇಕೆಂದು ಸಿಟ್ಟಾಗುತ್ತಾನೆ. ಅನಂತರ ಡೆಜೋಲಿಸಿನ ಒಂದು ಮನೆಯಲ್ಲಿ ಹಳೆಯ ಖಡ್ಗವೊಂದನ್ನು ಮುಟ್ಟಿದಾಗ, ತನಗಿಂತ ಮೊದಲು ಕಾದಿದವರ ಮುಖಗಳು ಅವನಿಗೆ ಕಾಣುತ್ತವೆ. ಆಗ ಅವನು ಹೊರಡುವುದು ಆಜ್ಞೆಗೆ ಮಣಿದು ಅಲ್ಲ, ತನ್ನವರಿಗಾಗಿ, ತನ್ನ ಮನಸ್ಸೊಪ್ಪಿ. ಕರ್ತವ್ಯವನ್ನು ಕುರಿತು ನಾವು ಸಭೆಗಳಲ್ಲಿ ಎಷ್ಟೋ ಭಾಷಣಗಳನ್ನು ಕೇಳುತ್ತೇವೆ. ಹೇರಿದ ಕರ್ತವ್ಯಕ್ಕೂ ವಹಿಸಿಕೊಂಡ ಕರ್ತವ್ಯಕ್ಕೂ ಇರುವ ಅಂತರವನ್ನು ಅವುಗಳಲ್ಲಿ ಎಷ್ಟು ಇಷ್ಟು ಚೆನ್ನಾಗಿ ತೋರಿಸಿಯಾವು?

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಖಳನ ಹಿಂದೆ ಇನ್ನೊಬ್ಬ ಖಳ, ಅವನ ಹಿಂದೆ ಮತ್ತೊಂದು ಕತ್ತಲೆ ಎಂದು ಬೆಳೆಸುವುದು ಹಳೆಯ ತಂತ್ರವೆನ್ನುವವರಿದ್ದಾರೆ. ಎರಡನೆಯ ಭಾಗದಲ್ಲಿ ಕೇಡು ಮನುಷ್ಯರದಾಗಿತ್ತು. ಅದನ್ನು ಅತಿಮಾನುಷ ಶಕ್ತಿಯ ತಲೆಗೆ ಕಟ್ಟಿದ್ದರಿಂದ ಕಥೆಯ ಮೊನೆ ಮೊಂಡಾಯಿತೆಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆಯೆಂದು ಒಪ್ಪಲೇಬೇಕು. ಹೆಜ್ಜೆಹೆಜ್ಜೆಗೂ ಎದುರಾಗುವ ಸಣ್ಣಪುಟ್ಟ ಕಾಳಗಗಳು ಬೇಸರ ತರುವುದೂ ನಿಜ. ಆದರೂ ಮೇಲೆ ಹೇಳಿದ ನಿರಾಕರಣೆಯ ಘಟ್ಟವಿರುವ ಕಾರಣ, ಕೇಡು ಎಲ್ಲಿಂದ ಬಂದರೂ ಅದನ್ನು ಎದುರಿಸುವ ನಿರ್ಧಾರ ಮಾತ್ರ ಮನುಷ್ಯನದಾಗಿಯೇ ಉಳಿಯಿತು. ನನ್ನ ಮಟ್ಟಿಗೆ ಅಷ್ಟು ಸಾಕು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಮೊಬೈಲಿನ ಮೇಲೆ ಆಡುವ ಅನೇಕ ಆಟಗಳಿಗೆ ಕೊನೆಯೆಂಬುದಿಲ್ಲ. ಋತುವಿಗೊಂದು ಹೊಸ ವೇಷ, ಹಬ್ಬಕ್ಕೊಂದು ಹೊಸ ಬಹುಮಾನ; ಆಡುವವನು ನಿಲ್ಲಿಸಬಾರದೆಂಬುದೇ ಅವುಗಳ ಏಕೈಕ ಉದ್ದೇಶ. ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳ ಕಥೆಯೂ ಇದೇ. ಮುಗಿಯದ ಕಥೆ ನಮ್ಮಿಂದ ಹೊತ್ತನ್ನು ಮಾತ್ರ ಕೇಳುತ್ತದೆ. ಮುಗಿಯುವ ಕಥೆ ನಮಗೆ ಹೊತ್ತನ್ನು ಹಿಂದಿರುಗಿಸಿ, ಕಂಡದ್ದನ್ನು ಕುರಿತು ಚಿಂತಿಸಲು ಬಿಡುತ್ತದೆ. ಮುಗಿಸುವುದೆಂದರೆ ಲಾಭವನ್ನು ಬಿಟ್ಟುಕೊಡುವುದು. ಆದ್ದರಿಂದಲೇ ಅದಕ್ಕೆ ಧೈರ್ಯ ಬೇಕು.

ಆಟಗಳೆಲ್ಲ ಕಲೆಯೆಂದು ನಾನು ವಾದಿಸುತ್ತಿಲ್ಲ, ಪುಸ್ತಕಗಳೆಲ್ಲವೂ ಸಾಹಿತ್ಯವಲ್ಲವಷ್ಟೆ. ಒಂದು ಆಟವಾಗಲಿ, ಒಂದು ಕಾದಂಬರಿಯಾಗಲಿ, ತಾನು ಹೂಡಿದ ಕಥೆಗೆ ಲೆಕ್ಕ ಒಪ್ಪಿಸಿತೇ ಎಂಬ ಒಂದೇ ಒರೆಗಲ್ಲಿನಿಂದ ಅಳೆಯೋಣವೆಂಬುದಷ್ಟೇ ನನ್ನ ಬಿನ್ನಹ. ಸಹಪಾಠಿಗಳು ಮುಂದಿನ ಸಲ ಯಾವ ಆಟಕ್ಕೆ ಕುಳಿತರೂ, ಇದಕ್ಕೆ ಕೊನೆಯುಂಟೇ ಎಂದು ಮೊದಲು ಕೇಳಿಕೊಳ್ಳಲಿ. ಅಧ್ಯಾಪಕರು ಬಿಡುವಾದಾಗ ಅಲ್ಗೋಲಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ನನ್ನ ವಾದದಲ್ಲಿ ಹುರುಳಿಲ್ಲವೆಂದು ಕಂಡರೆ ಚರ್ಚಾಕೂಟದಲ್ಲಿ ಖಂಡಿಸಲಿ. ಉತ್ತರಿಸಲು ನಾನು ಸಿದ್ಧನಾಗಿದ್ದೇನೆ.