ಉಮ್ಮನ ಫೋನಿನ ಕೀ ಉಮ್ಮನ ಕೈಯಲ್ಲೇ ಇರಲಿ

ನಮ್ಮ ಯಾವ ಮನೆಗೆ ಹೋಗಿ ಕೇಳಿದರೂ ಪಾಸ್‌ಪೋರ್ಟ್ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಕಪಾಟಿನ ಒಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಆರ್‌ಟಿಸಿ ಮತ್ತು ಮಕ್ಕಳ ಜನನ ಪ್ರಮಾಣಪತ್ರದ ಜೊತೆ ಅದು ಭದ್ರವಾಗಿರುತ್ತದೆ. ಅದೇ ಮನೆಯಲ್ಲಿ ಉಮ್ಮನ ಫೋನಿನ ಜಿಮೇಲ್ ಯಾವುದು, ಅದರ ಪಾಸ್‌ವರ್ಡ್ ಎಂತ ಎಂದು ಕೇಳಿ ನೋಡಿ. "ಅದು ಮಗ ಮಾಡಿ ಕೊಟ್ಟದ್ದು, ಅವನಿಗೆ ಗೊತ್ತುಂಟು" ಎನ್ನುತ್ತಾರೆ. ಮಗನನ್ನು ಕೇಳಿದರೆ "ಅದು ಅಂಗಡಿಯವ ಮಾಡಿದ್ದಲ್ವಾ ಉಮ್ಮ" ಎನ್ನುತ್ತಾನೆ. ದಿನಕ್ಕೆ ಹತ್ತಾರು ಫೋನ್ ಆನ್ ಮಾಡಿ ಕೊಡುವ ಅಂಗಡಿಯವನಿಗೆ ಎರಡು ವರ್ಷದ ಹಿಂದಿನ ಪಾಸ್‌ವರ್ಡ್ ನೆನಪಿರುವುದುಂಟಾ?

ಫೋನ್ ಸರಿಯಾಗಿ ನಡೆಯುವವರೆಗೆ ಇದು ಯಾರಿಗೂ ಸಮಸ್ಯೆಯಲ್ಲ. ಫೋನ್ ನೀರಿಗೆ ಬಿದ್ದಾಗ, ಬಸ್ಸಿನಲ್ಲಿ ಕಳೆದಾಗ, ಹೊಸ ಫೋನ್ ತಂದಾಗ ಗೊತ್ತಾಗುತ್ತದೆ. ಪರದೆಯ ಮೇಲೆ "ಇದು ನೀವೇ ಎಂದು ಖಚಿತಪಡಿಸಿ" ಎಂದು ಬರುತ್ತದೆ. ಖಚಿತಪಡಿಸಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ಈಗೀಗ ಮಗುವಿನ ಓದಿನ ವಿಷಯ ಮುಗಿದ ಮೇಲೆ ಫೋನ್ ಚಾಚಿ, "ಉಸ್ತಾದ್, ಇದು ಎಂತ ಕೇಳ್ತದೆ ನೋಡಿ" ಎನ್ನುವುದು ಸಾಮಾನ್ಯವಾಗಿದೆ. ಹಾಗಾಗಿ ಈ ವಿಷಯವನ್ನು ಇಲ್ಲಿ ಬರೆಯಬೇಕೆನಿಸಿತು.

ಒಂದು ಇಮೇಲ್ ಹೋದರೆ ಏನಾಯಿತು, ಹೊಸದು ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಹಾಗಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲವೂ ಆ ಒಂದು ಗೂಗಲ್ ಖಾತೆಗೆ ಕಟ್ಟಿಕೊಂಡಿದೆ. ಉಳಿಸಿದ ನಂಬರುಗಳು, ಗೂಗಲ್ ಫೋಟೋಸ್‌ನಲ್ಲಿರುವ ಚಿತ್ರಗಳು, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲ ಅಲ್ಲೇ. ಹೊಸ ಫೋನಿನಲ್ಲಿ ಬ್ಯಾಕಪ್‌ನಿಂದ ಹಳೆಯ ಚಾಟ್ ಬರಬೇಕಾದರೆ ಹಳೆಯ ಮೊಬೈಲ್ ನಂಬರೂ ಬೇಕು, ಹಳೆಯ ಗೂಗಲ್ ಖಾತೆಯೂ ಬೇಕು. ತೀರಿಹೋದ ಬಾಪನ ಧ್ವನಿ ಕೇವಲ ಎರಡು ವಾಯ್ಸ್ ಮೆಸೇಜ್‌ಗಳಲ್ಲಿ ಉಳಿದಿರುವ ಮನೆಗಳು ನಮ್ಮ ನಡುವೆ ಇವೆ. ಆ ಮನೆಯವರಿಗೆ ಹೊಸ ಇಮೇಲ್ ಮಾಡಿಕೊಡಬಹುದು, ಆ ಧ್ವನಿಯನ್ನು ಮಾಡಿಕೊಡಲು ಯಾರಿಂದಲೂ ಆಗದು.

ಖಾತೆ ಕೈತಪ್ಪುವುದಕ್ಕೆ ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಅಂಗಡಿಯಲ್ಲಿ ಮಾಡಿಸಿದ ಖಾತೆ. ಗಿರಾಕಿ ಅವಸರದಲ್ಲಿರುತ್ತಾರೆ, ಅಂಗಡಿಯವ ಕೂಡ. ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ಜನ್ಮ ದಿನಾಂಕ, ಯಾವುದೋ ಪಾಸ್‌ವರ್ಡ್ ಹಾಕಿ ಫೋನ್ ಕೊಟ್ಟುಬಿಡುತ್ತಾರೆ. ಖಾತೆ ಮರಳಿ ಪಡೆಯಲು ಬೇಕಾದ ನಂಬರ್ ಹಾಕುವ ಜಾಗದಲ್ಲಿ "ಸ್ಕಿಪ್" ಒತ್ತಿರುತ್ತಾರೆ.

ಎರಡನೆಯದು, ಗಲ್ಫ್ ನಂಬರ್. ಮಗ ರಜೆಯಲ್ಲಿ ಬಂದಾಗ ಉಮ್ಮನಿಗೆ ಫೋನ್ ತಂದು, ಭದ್ರತೆಗೆಂದು ತನ್ನ 966 ಅಥವಾ 971ರಿಂದ ಶುರುವಾಗುವ ನಂಬರ್ ಕೊಟ್ಟಿರುತ್ತಾನೆ. ಆಮೇಲೆ ಕಂಪೆನಿ ಬದಲಾಗುತ್ತದೆ, ಇಲ್ಲವೇ ಎಕ್ಸಿಟ್ ಹಾಕಿ ಊರಿಗೆ ಬರುತ್ತಾನೆ. ಆ ಸಿಮ್ ಅಲ್ಲಿಗೆ ಮುಗಿಯಿತು. ಒಟಿಪಿ ಮಾತ್ರ ಈಗಲೂ ಆ ನಂಬರಿಗೇ ಹೋಗುತ್ತಿರುತ್ತದೆ. ಮಗನ ಸ್ವಂತ ಖಾತೆಯ ಕಥೆಯೂ ಅನೇಕ ಸಲ ಇದೇ.

ಮೂರನೆಯದು, ರೀಚಾರ್ಜ್ ಮಾಡದ ಸಿಮ್. ವೈಫೈ ಇದ್ದರೆ ವಾಟ್ಸ್‌ಆ್ಯಪ್ ನಡೆಯುತ್ತದೆ, ಮತ್ತೆ ಸುಮ್ಮನೆ ರೀಚಾರ್ಜ್ ಯಾಕೆ ಎಂಬ ಲೆಕ್ಕ. ಟ್ರಾಯ್ ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ ಅದನ್ನು ಸ್ಥಗಿತಗೊಳಿಸಬಹುದು. ಸ್ವಲ್ಪ ಕಾಲ ಕಳೆದ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಒಟಿಪಿ ಅಪರಿಚಿತನೊಬ್ಬನ ಫೋನಿಗೆ ಬರುತ್ತದೆ. ನಂಬರ್ ಬಿಡುವುದೇ ಆದರೆ ಮೊದಲು ಬ್ಯಾಂಕ್, ಜಿಮೇಲ್, ವಾಟ್ಸ್‌ಆ್ಯಪ್‌ನಲ್ಲಿ ಹೊಸ ನಂಬರ್ ಹಾಕಿ, ಆಮೇಲೆ ಹಳೆಯದನ್ನು ಬಿಡಬೇಕು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೂ ಒಟಿಪಿ ಬರುವುದು ಕೊಟ್ಟ ನಂಬರಿಗೇ. ಕೊನೆಯ ದಿನಾಂಕದ ಹಿಂದಿನ ಸಂಜೆ ಆ ನಂಬರ್ ಇಲ್ಲ ಎಂದು ಗೊತ್ತಾದರೆ ಒಂದು ವರ್ಷದ ಹಣ ಕೈಬಿಟ್ಟಂತೆ.

ಈಗಾಗಲೇ ಖಾತೆ ಕಳೆದುಕೊಂಡವರು ಏನು ಮಾಡಬೇಕು? ಮೊದಲ ಮಾತು: ಫೋನ್ ರೀಸೆಟ್ ಮಾಡಬೇಡಿ. ಪಾಸ್‌ವರ್ಡ್ ಮರೆತಿದೆ ಎಂದ ಕೂಡಲೇ "ಒಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕುವಾ" ಎನ್ನುವವರಿದ್ದಾರೆ. ಹಳೆಯ ಫೋನಿನಲ್ಲಿ ಖಾತೆ ಇನ್ನೂ ತೆರೆದಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಅನೇಕ ಸಲ ಗೂಗಲ್ ಆ ಫೋನಿಗೇ "ಇದು ನೀವೇನಾ?" ಎಂದು ಸಂದೇಶ ಕಳಿಸುತ್ತದೆ, ಇಲ್ಲವೇ ಫೋನಿನ ಸ್ಕ್ರೀನ್ ಲಾಕ್ ಕೇಳುತ್ತದೆ. ಅಷ್ಟಕ್ಕೆ ಕೆಲಸ ಮುಗಿಯಬಹುದು. ರೀಸೆಟ್ ಮಾಡಿದರೆ ಆ ಸಾಕ್ಷಿ ನಾಶವಾಗುತ್ತದೆ. ಅದರ ಮೇಲೆ, ಕಳ್ಳರ ಕೈಗೆ ಸಿಕ್ಕಿದ ಫೋನ್ ಉಪಯೋಗಕ್ಕೆ ಬಾರದಂತೆ ಆಂಡ್ರಾಯ್ಡ್‌ನಲ್ಲಿ ಒಂದು ವ್ಯವಸ್ಥೆ ಇದೆ. ಬಲವಂತವಾಗಿ ರೀಸೆಟ್ ಮಾಡಿದ ಫೋನ್ ಹಿಂದಿನ ಗೂಗಲ್ ಖಾತೆಯನ್ನೋ ಹಿಂದಿನ ಲಾಕನ್ನೋ ಕೇಳುತ್ತದೆ. ಎರಡೂ ಇಲ್ಲದಿದ್ದರೆ ಖಾತೆಯ ಜೊತೆ ಫೋನೂ ಹೋಯಿತು.

ಎರಡನೇ ಮಾತು: ಉಮ್ಮನ ಖಾತೆಯನ್ನು ದಮ್ಮಾಮ್‌ನಿಂದ ತೆರೆಯಲು ಹೋಗಬೇಡಿ. ಊರಿನಲ್ಲಿ ಖಾತೆ ಬಂದ್ ಆಗಿದೆ ಎಂದು ಗೊತ್ತಾದ ಕೂಡಲೇ ಮಗ ಅಲ್ಲಿಂದ ತನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಯತ್ನ ಶುರು ಮಾಡುತ್ತಾನೆ. ಗೂಗಲ್‌ನ ಕಣ್ಣಿಗೆ ಅದು ಬೇರೆ ದೇಶದಿಂದ, ಬೇರೆ ಯಂತ್ರದಿಂದ ಯಾರೋ ಬೀಗ ಮುರಿಯುತ್ತಿರುವಂತೆ ಕಾಣುತ್ತದೆ. ಯಾವ ಫೋನಿನಲ್ಲಿ, ಯಾವ ಮನೆಯ ವೈಫೈಯಲ್ಲಿ ಖಾತೆ ದಿನಾ ನಡೆಯುತ್ತಿತ್ತೋ ಅಲ್ಲಿಂದಲೇ ಪ್ರಯತ್ನಿಸಬೇಕು. ಸೈನ್ ಇನ್ ಪುಟದಲ್ಲಿ "ಪಾಸ್‌ವರ್ಡ್ ಮರೆತಿರಾ" ಒತ್ತಿದರೆ ಪ್ರಶ್ನೆಗಳು ಬರುತ್ತವೆ. ನೆನಪಿರುವ ಹಳೆಯ ಪಾಸ್‌ವರ್ಡ್ ಯಾವುದಾದರೂ ಇದ್ದರೆ ಹಾಕಿ. ಉತ್ತರ ಪೂರ್ತಿ ಖಚಿತವಿಲ್ಲದಿದ್ದರೂ ಪ್ರಶ್ನೆ ಬಿಟ್ಟು ಮುಂದೆ ಹೋಗುವ ಬದಲು ಆದಷ್ಟು ಹತ್ತಿರದ ಉತ್ತರ ಕೊಡಿ ಎಂಬುದು ಗೂಗಲ್‌ನದ್ದೇ ಸಲಹೆ. ಕೆಲವೊಮ್ಮೆ ಕೆಲವು ಗಂಟೆ ಅಥವಾ ದಿನ ಕಾಯಲು ಹೇಳುತ್ತದೆ. ಸಬ್ರ್ ಬೇಕು. ಕೋಪದಲ್ಲಿ ಒಂದೇ ಸಮ ಒತ್ತುತ್ತಾ ಹೋದರೆ ಇನ್ನಷ್ಟು ಬಿಗಿಯಾಗುತ್ತದೆ.

ಸಿಮ್ ಕಳೆದಿದ್ದರೆ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಬಹುದು. ಆದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ದಾಖಲೆಯೊಂದಿಗೆ ಹೋಗಬೇಕು. ಇಲ್ಲಿ ನಮ್ಮ ಹೆಂಗಸರು ಮತ್ತೆ ಸಿಕ್ಕಿಬೀಳುತ್ತಾರೆ. ಸಿಮ್ ತಮ್ಮನ ಹೆಸರಿನಲ್ಲಿರುತ್ತದೆ, ತಮ್ಮ ಕತಾರ್‌ನಲ್ಲಿರುತ್ತಾನೆ. ಹೊಸ ಸಿಮ್ ಸಿಕ್ಕಿದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಸಿಮ್ ಬದಲಿಸಿ ಹಣ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಅದು. ಒಟಿಪಿ ಬರಲಿಲ್ಲ ಎಂದು ಆ ದಿನ ಗಾಬರಿಯಾಗುವುದು ಬೇಡ.

ವಾಟ್ಸ್‌ಆ್ಯಪ್ ವಿಷಯ ಸ್ವಲ್ಪ ಬೇರೆ. ಅಲ್ಲಿ ಖಾತೆ ಎಂದರೆ ನಂಬರ್. "ನನ್ನ ಕೋಡ್ ತಪ್ಪಿ ನಿಮ್ಮ ಫೋನಿಗೆ ಬಂದಿದೆ, ಒಮ್ಮೆ ಹೇಳಿ" ಎಂದು ಪರಿಚಿತರ ನಂಬರಿನಿಂದಲೇ ಮೆಸೇಜ್ ಬರುತ್ತದೆ. ಆ ಆರು ಅಂಕೆ ಹೇಳಿದರೆ ನಿಮ್ಮ ವಾಟ್ಸ್‌ಆ್ಯಪ್ ಅವರ ಕೈಗೆ ಹೋಗುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲಿ ಕುಟುಂಬದ ಗ್ರೂಪಿನಲ್ಲಿ ಹಣ ಕೇಳುತ್ತಾರೆ. ಆಸ್ಪತ್ರೆ ಖರ್ಚು ಎಂದರೆ ನಮ್ಮವರು ಹಿಂದೆ ಮುಂದೆ ನೋಡದೆ ಕಳಿಸುತ್ತಾರೆ. ಹೀಗಾದರೆ ಕೂಡಲೇ ನಿಮ್ಮ ಫೋನಿನಲ್ಲಿ ಅದೇ ನಂಬರ್ ಹಾಕಿ, ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಕೊಟ್ಟು ಮತ್ತೆ ಒಳಗೆ ಬನ್ನಿ. ಆ ಕ್ಷಣವೇ ಕಳ್ಳ ಹೊರಗೆ ಹೋಗುತ್ತಾನೆ. ಅವನು ಆರಂಕಿಯ ಪಿನ್ ಹಾಕಿಟ್ಟಿದ್ದರೆ ನೀವು 7 ದಿನ ಕಾಯಬೇಕಾಗುತ್ತದೆ, ಆದರೆ ಆ 7 ದಿನ ಅವನಿಗೂ ಒಳಗೆ ಜಾಗವಿಲ್ಲ. ಆ ಪಿನ್ ಅನ್ನು ನೀವೇ ಇವತ್ತೇ ಹಾಕಿಟ್ಟರೆ ಈ ಕಷ್ಟವೇ ಇಲ್ಲ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಕಳೆದುಹೋದ ಫೋನನ್ನು ಯಾರೂ ಬಳಸದಂತೆ ಬ್ಲಾಕ್ ಮಾಡಲು ಸರಕಾರದ ಸಂಚಾರ್ ಸಾಥಿ ಇದೆ. ಅದಕ್ಕೆ ಫೋನಿನ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಅದು ಪರದೆಯಲ್ಲಿ ಬರುತ್ತದೆ. ಫೋನ್ ಕೈಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. "ನಿಮ್ಮ ಖಾತೆ ಮರಳಿ ಕೊಡಿಸುತ್ತೇವೆ, ಇಷ್ಟು ಹಣ ಕಳಿಸಿ" ಎನ್ನುವವರು ಫೇಸ್‌ಬುಕ್‌ನಲ್ಲಿ ಬೇಕಾದಷ್ಟು ಇದ್ದಾರೆ. ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿದರೆ ಸಿಗುವುದರಲ್ಲೂ ಮೋಸದ ನಂಬರುಗಳಿವೆ. ಜಿಮೇಲ್ ಮರಳಿ ಕೊಡಲು ಗೂಗಲ್ ಹಣ ಕೇಳುವುದಿಲ್ಲ, ಫೋನ್ ಮಾಡಿ ಒಟಿಪಿಯನ್ನೂ ಕೇಳುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ, ಆಧಾರ್ ತೋರಿಸಿದರೆ ಕೊಡಬಾರದಾ ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬೀಗ ಸುಲಭದಲ್ಲಿ ತೆರೆಯುವಂತಿದ್ದರೆ ಮೊದಲು ತೆರೆಯುವವನು ಕಳ್ಳ. ಹಾಗಾಗಿ ನಿಯಮದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಇಷ್ಟೇ: ಕೋಟಿಗಟ್ಟಲೆ ಜನರ ಬದುಕು ಒಂದು ಖಾತೆಯಲ್ಲಿ ಇಟ್ಟುಕೊಂಡಿರುವ ಕಂಪೆನಿಗಳು, ಓದು ಬರಹ ಕಡಿಮೆ ಇರುವ ಒಬ್ಬ ತಾಯಿ ಹೋಗಿ ತನ್ನ ಮಾತು ಹೇಳಿಕೊಳ್ಳಲು ಒಂದು ಕೌಂಟರನ್ನೂ ಇಟ್ಟಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಇದ್ದಾರೆ, ಪಂಚಾಯತ್‌ನಲ್ಲಿ ಪಿಡಿಒ ಇದ್ದಾರೆ. ಇಲ್ಲಿ ಯಂತ್ರ ಮಾತ್ರ. ಅದು ಬದಲಾಗಬೇಕು. ಬದಲಾಗುವ ತನಕ ನಮ್ಮ ಮನೆಯನ್ನು ನಾವೇ ಕಾಯಬೇಕು.

"ಉಮ್ಮನಿಗೆ ಇದೆಲ್ಲ ಯಾಕೆ, ನಾವಿಲ್ಲವಾ" ಎನ್ನುವ ಗಂಡುಮಕ್ಕಳಿಗೆ ಒಂದು ಮಾತು. ನೀವಿದ್ದೀರಿ, ನಿಜ. ಆದರೆ ನೀವು ಸಮುದ್ರದ ಆಚೆ ಇದ್ದೀರಿ, ಒಟಿಪಿಗೆ ಇರುವುದು ಕೆಲವೇ ನಿಮಿಷಗಳ ಆಯುಷ್ಯ. ಮನೆಯ ವ್ಯವಹಾರ, ಮಕ್ಕಳ ಶಾಲೆ, ವೃದ್ಧರ ಮದ್ದು ಎಲ್ಲವನ್ನೂ ನೋಡಿಕೊಳ್ಳುವ ಹೆಂಗಸಿಗೆ ತನ್ನ ಫೋನಿನ ಪಾಸ್‌ವರ್ಡ್ ಇಟ್ಟುಕೊಳ್ಳಲು ಆಗುವುದಿಲ್ಲ ಎನ್ನುವುದು ನ್ಯಾಯವಲ್ಲ. ಖಾತೆ ಅವರ ಹೆಸರಿನಲ್ಲಿ, ಅವರ ಸರಿಯಾದ ಜನ್ಮ ದಿನಾಂಕದಲ್ಲಿ, ಅವರದ್ದೇ ಸಿಮ್‌ನಲ್ಲಿ ಇರಲಿ. ನಿಮ್ಮ ಇಮೇಲ್ ಬೇಕಾದರೆ ಎರಡನೇ ದಾರಿಯಾಗಿ ಇರಲಿ.

ಇನ್ನು ಮತ್ತೊಬ್ಬರ ಪಾಸ್‌ವರ್ಡ್ ಗೊತ್ತಿರುವವರು ಅದನ್ನು ಅಮಾನತ್ ಎಂದು ತಿಳಿಯಬೇಕು. ಮಗನಾಗಲಿ, ಅಳಿಯನಾಗಲಿ, ಅಂಗಡಿಯ ಹುಡುಗನಾಗಲಿ, ಕೀ ಗೊತ್ತಿದೆ ಎಂದ ಮಾತ್ರಕ್ಕೆ ಒಳಗೆ ಹೋಗಿ ಫೋಟೋ, ಮೆಸೇಜ್ ನೋಡುವ ಅನುಮತಿ ಸಿಕ್ಕಿದಂತಲ್ಲ. ಇನ್ನೊಬ್ಬರ ಮನೆಗೆ ಸಲಾಂ ಹೇಳಿ ಅನುಮತಿ ಪಡೆದೇ ಒಳಗೆ ಹೋಗಬೇಕೆಂದು ಮಕ್ಕಳಿಗೆ ಕಲಿಸುವ ನಮಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮರಣದ ವಿಷಯವನ್ನೂ ಹೇಳಿಬಿಡುತ್ತೇನೆ. 2 ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಆರಂಭಿಸಿದೆ. ತೀರಿಹೋದವರ ಪಾಸ್‌ವರ್ಡನ್ನು ಅದು ಮನೆಯವರಿಗೂ ಕೊಡುವುದಿಲ್ಲ. ಆದರೆ ತನ್ನ ಖಾತೆ ಇಷ್ಟು ತಿಂಗಳು ನಿಂತುಹೋದರೆ ಅದರಲ್ಲಿರುವುದು ಯಾರಿಗೆ ಸೇರಬೇಕು ಎಂದು ಮೊದಲೇ ಸೂಚಿಸುವ ವ್ಯವಸ್ಥೆ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿದೆ. ವಸಿಯ್ಯತ್ ಬರೆದಿಡುವ ಅಭ್ಯಾಸ ಇರುವ ನಮಗೆ ಇದು ಹೊಸ ವಿಚಾರವೇನಲ್ಲ.

ನಮ್ಮ ಜಮಾಅತ್ ಕಮಿಟಿಗಳಲ್ಲಿ ನನ್ನ ವಿನಂತಿ ಸಣ್ಣದು. ತಿಂಗಳಿಗೊಂದು ಭಾನುವಾರ ಅಸರ್ ನಂತರ ಮದ್ರಸದ ಹಾಲ್ ಕೊಡಿ. ಡಿಗ್ರಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು ಮೊಹಲ್ಲಾದ ಉಮ್ಮಂದಿರ ಜೊತೆ ಕುಳಿತು, ಅವರ ಫೋನಿನಲ್ಲಿ ಅವರ ಕೈಯಿಂದಲೇ ಈ ಕೆಲಸ ಮಾಡಿಸಲಿ. ಯಾರ ಪಾಸ್‌ವರ್ಡನ್ನೂ ಕಲಿಸುವವರು ನೋಡಬಾರದು ಎಂಬ ಒಂದೇ ನಿಯಮ ಸಾಕು. ಫೋನ್ ಅಂಗಡಿ ಇಟ್ಟಿರುವ ನಮ್ಮ ಯುವಕರೂ ಗಿರಾಕಿಯ ಸ್ವಂತ ನಂಬರ್ ಹಾಕಿಸಿ, ಪಾಸ್‌ವರ್ಡನ್ನು ಅವರಿಂದಲೇ ಬರೆಸಿ ಕಳಿಸಬೇಕು. ಅದಕ್ಕೆ ಹಿಡಿಯುವುದು ಐದು ನಿಮಿಷ.

ಮನೆಯಲ್ಲಿ ಇವತ್ತೇ ಮಾಡಬಹುದಾದದ್ದು ಇಷ್ಟು. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಜಿಮೇಲ್ ವಿಳಾಸ, ಪಾಸ್‌ವರ್ಡ್, ಯಾವ ನಂಬರ್ ಕೊಟ್ಟಿದೆ, ಸಿಮ್ ಯಾರ ಹೆಸರಿನಲ್ಲಿದೆ, ಐಎಂಇಐ ಸಂಖ್ಯೆ ಇವಿಷ್ಟು ಬರೆಯಿರಿ. ಎರಡು ಹಂತದ ಪರಿಶೀಲನೆ ಹಾಕಿದವರಿಗೆ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಫೋನೂ ಸಿಮ್ಮೂ ಎರಡೂ ಹೋದ ದಿನ ಕೈಹಿಡಿಯುವುದು ಅವೇ, ಅವನ್ನೂ ಬರೆಯಿರಿ. ಕಾಗದದಲ್ಲಿ ಬರೆದರೆ ಅಪಾಯವಲ್ಲವೇ ಎಂದು ಕೇಳಬಹುದು. ಫೋನಿನ ಕವರಿನೊಳಗೆ ಚೀಟಿ ಇಟ್ಟರೆ ಅಪಾಯವೇ, ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಕಳಿಸಿಟ್ಟರೂ ಅಪಾಯವೇ. ಪಾಸ್‌ಪೋರ್ಟ್ ಇರುವ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಅಷ್ಟು ಅಪಾಯವಿಲ್ಲ. ಆ ಕಪಾಟಿನ ಕೀ ಹೇಗೂ ಉಮ್ಮನ ಹತ್ತಿರವೇ ಇರುತ್ತದೆ.