ಗಾಲಿ ಹಚ್ಚಿದ ಅಜ್ಜಿಮನೆ

ಅಮೆರಿಕದಲ್ಲಿ ಟ್ರೇಲರ್ ಕಟ್ಟಿಕೊಂಡು ಊರೂರು ತಿರುಗುವವರ ಬಾಯಲ್ಲಿ 'ಮೂಚ್‌ಡಾಕಿಂಗ್' ಎಂಬ ತಮಾಷೆಯ ಮಾತೊಂದಿದೆ. ಬಾಡಿಗೆ ಕೊಟ್ಟು ಕ್ಯಾಂಪ್‌ಗ್ರೌಂಡಿನಲ್ಲಿ ತಂಗುವ ಬದಲು ಮಕ್ಕಳ ಅಥವಾ ನೆಂಟರ ಮನೆಯಂಗಳದಲ್ಲೇ ಟ್ರೇಲರ್ ನಿಲ್ಲಿಸಿ, ಅವರ ಮನೆಯಿಂದ ಕರೆಂಟಿನ ವೈರು, ನೀರಿನ ಪೈಪು ಎಳೆದುಕೊಂಡು ಪುಕ್ಕಟೆ ಇರುವುದು ಎಂದರ್ಥ. ಮೊದಲ ಸಲ ಕೇಳಿದಾಗ ನಗು ಬಂತು. ಮಗಳ ಮನೆ ಅಂಗಳದವರೆಗೆ ಹೋಗಿ, ಒಳಗೆ ಮಲಗದೆ ಹೊರಗೆ ಮಲಗುವುದು ಯಾವ ಸೀಮೆಯ ನೆಂಟಸ್ತನ?

ಉತ್ತರ ಸಿಕ್ಕಿದ್ದು ಹೋದ ವರ್ಷ ಜೂನ್‌ನಲ್ಲಿ, ಪ್ರಾಜೆಕ್ಟ್ ಕೆಲಸಕ್ಕೆಂದು ಪುಣೆಯಿಂದ ಡೆನ್ವರ್‌ಗೆ ಹೋಗಿದ್ದಾಗ. ಕ್ಲೈಂಟ್ ಕಡೆ ಇದ್ದು ಬಹಳ ವರ್ಷ ನಮ್ಮ ಜೊತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಆ ವಾರ ಹೆಂಡತಿಯೊಂದಿಗೆ ಅಲ್ಲಿಗೆ ಬಂದಿದ್ದರು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ಮಗಳದು ಅಪಾರ್ಟ್‌ಮೆಂಟು, ಅಂಗಳವಿಲ್ಲ. ಹಾಗಾಗಿ ಇವರು ಇಳಿದದ್ದು ಚೆರ್ರಿ ಕ್ರೀಕ್ ಸ್ಟೇಟ್ ಪಾರ್ಕಿನಲ್ಲಿ. ದೊಡ್ಡ ಜಲಾಶಯವಿರುವ ಈ ಪಾರ್ಕಿನ ಸುತ್ತ ಈಗ ಊರೇ ಬೆಳೆದಿದೆ. ಶನಿವಾರ ನನ್ನನ್ನೂ ಊಟಕ್ಕೆ ಕರೆದರು.

ಹೋದಾಗ ಟ್ರೇಲರ್ ತೋರಿಸುವ ಕೆಲಸವನ್ನು ಎಂಟು ವರ್ಷದ ಮೊಮ್ಮಗ ವಹಿಸಿಕೊಂಡ. ಉದ್ದ 24 ಅಡಿ. ನಿಲ್ಲಿಸಿದ ಕೂಡಲೇ ರಸಮಟ್ಟ ಇಟ್ಟು ನೋಡಬೇಕು, ವಾಲಿದ ಕಡೆ ಗಾಲಿಯ ಕೆಳಗೆ ಹಲಗೆ ಕೊಡಬೇಕು, ಇಲ್ಲದಿದ್ದರೆ ಗ್ಯಾಸ್ ಫ್ರಿಜ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದ. ಸಾಮಾನು ಹೇರುವುದಕ್ಕೂ ಲೆಕ್ಕವಿದೆ. ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು. ಹಿಂದೆ ಭಾರ ಹೆಚ್ಚಾದರೆ ಹೆದ್ದಾರಿಯಲ್ಲಿ ಬಾಲ ಬೀಸತೊಡಗುತ್ತದೆ. ಕೊಳೆನೀರಿಗೆ ಎರಡು ಟ್ಯಾಂಕು: ಶೌಚದ್ದೊಂದು, ಸ್ನಾನ ಮತ್ತು ಪಾತ್ರೆಯದ್ದೊಂದು. ಶೌಚದ್ದನ್ನು ಮೊದಲು ಖಾಲಿ ಮಾಡಿದರೆ ಆಮೇಲೆ ಸ್ನಾನದ ನೀರೇ ಪೈಪನ್ನು ತೊಳೆಯುತ್ತದೆ. ಈ ಕಡೆಯ ವಿಷಯ ಹೇಳುವಾಗ ಅವನ ಉತ್ಸಾಹ ನೋಡಬೇಕಿತ್ತು! ಎಲ್ಲವನ್ನೂ ಅಜ್ಜ ಕಲಿಸಿದ್ದು.

ಊಟದ ಹೊತ್ತಿಗೆ ಮಗಳು ಬಂದಳು. ಬಾಗಿಲು ತಟ್ಟಿ ಒಳಗೆ ಬಂದು, ಸಲಾಡ್ ಕಲಸುತ್ತ, "ಅಮ್ಮಾ, ಉಪ್ಪು ಎಲ್ಲಿಟ್ಟಿದ್ದೀಯಾ?" ಎಂದಳು. ರಾತ್ರಿ 10ರ ನಂತರ ಅಲ್ಲಿ ಗದ್ದಲ ಮಾಡುವಂತಿಲ್ಲ. ಅಷ್ಟರೊಳಗೆ ಮಗಳು, ಅಳಿಯ ಮನೆಗೆ ಹೊರಟರು. ಮಕ್ಕಳು ಅಲ್ಲೇ ಉಳಿದರು. ಊಟದ ಮೇಜನ್ನು ಕೆಳಗಿಳಿಸಿ, ಸೀಟಿನ ದಿಂಬುಗಳನ್ನು ಮೇಲೆ ಜೋಡಿಸಿದರೆ ಅದೇ ಅವರ ಹಾಸಿಗೆ.

ಉಪ್ಪಿನ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಅದೇ ಪ್ರಶ್ನೆ ಕೇಳುವುದು ಅವ್ವ. "ಸಾಸಿವಿ ಡಬ್ಬಿ ಎಲ್ಲಿಟ್ಟೀಯವಾ?" ಎಂದು ಸೊಸೆಯನ್ನು ಕೇಳುತ್ತಾಳೆ. ಇಬ್ಬರ ನಡುವೆ ಜಗಳವೇನಿಲ್ಲ, ಪ್ರೀತಿಗೂ ಕೊರತೆಯಿಲ್ಲ. ಆದರೆ ಐವತ್ತು ವರ್ಷ ಅಡುಗೆಮನೆ ಆಳಿದವಳಿಗೆ ಇಲ್ಲಿ ಇಂಡಕ್ಷನ್ ಒಲೆಯ ಗುಂಡಿ ಅಪರಿಚಿತ, ಬಾಗಿಲಿನ ನಂಬರ್ ಲಾಕ್ ಅಪರಿಚಿತ, ಬಂದವರನ್ನು ಒಳಗೆ ಬಿಡುವ ಗೇಟಿನ ಆ್ಯಪ್ ಅಪರಿಚಿತ. ಹದಿನೈದನೇ ದಿನಕ್ಕೆ ಹೊಲದ ನೆನಪು, ಮನೆ ಬಾಗಿಲಿನ ತುಳಸಿಯ ನೆನಪು ಶುರುವಾಗುತ್ತದೆ. ಮುಂಬೈ, ಚೆನ್ನೈ, ದಿಲ್ಲಿಯಲ್ಲಿರುವ ನಿಮ್ಮ ಮನೆಯಲ್ಲೂ ಈ ಹದಿನೈದನೇ ದಿನ ಬಂದಿರುತ್ತದೆ.

ನಾವು ಚಿಕ್ಕವರಿದ್ದಾಗ ಬೇಸಿಗೆ ಸೂಟಿ ಎಂದರೆ ಅಜ್ಜಿಮನೆ. ಅಲ್ಲಿ ಅಜ್ಜಿಯೇ ಯಜಮಾನಿ, ನಾವು ಅತಿಥಿಗಳು. ಈಗ ನಮ್ಮ ಮಕ್ಕಳಿಗೆ ಅಜ್ಜಿ ಇದ್ದಾಳೆ, ಅಜ್ಜಿಮನೆ ಇಲ್ಲ. ವರ್ಷಕ್ಕೊಮ್ಮೆ ಅಜ್ಜಿಯೇ ಅತಿಥಿಯಾಗಿ ಬರುತ್ತಾಳೆ. ಡೆನ್ವರಿನ ಆ ದಂಪತಿ ಮಾಡಿದ್ದಿಷ್ಟೇ: ಅಜ್ಜಿಮನೆಗೆ ಗಾಲಿ ಹಚ್ಚಿ ಮೊಮ್ಮಕ್ಕಳ ಊರಿಗೆ ಎಳೆದುಕೊಂಡು ಬಂದಿದ್ದಾರೆ. ಹೊರಗೆ ಮಲಗಿದ್ದು ಮಗಳಿಂದ ದೂರವಿರಲು ಎಂದು ನನಗೀಗ ಅನಿಸುವುದಿಲ್ಲ.

ಇದು ಎಲ್ಲರಿಗೂ ಎಟಕುವ ಸುಖವಲ್ಲ. ಎಳೆಯಲು ಪಿಕಪ್ ಟ್ರಕ್ಕು ಬೇಕು, ಇಂಧನ, ವಿಮೆಯ ಖರ್ಚಿದೆ. ಅಲ್ಲಿನ ಸರ್ಕಾರ 62 ದಾಟಿದವರಿಗೆ ರಾಷ್ಟ್ರೀಯ ಉದ್ಯಾನಗಳ ಆಜೀವ ಪಾಸನ್ನು 80 ಡಾಲರ್‌ಗೆ ಕೊಡುತ್ತದೆ ನಿಜ. ಆದರೆ ಮನೆ ಕಳೆದುಕೊಂಡು ಗಾಲಿಯ ಮೇಲೆ ಬದುಕುವ ಹಿರಿಯರೂ ಅಲ್ಲಿದ್ದಾರೆ. 2021ರಲ್ಲಿ ಆಸ್ಕರ್ ಗೆದ್ದ 'ನೊಮ್ಯಾಡ್‌ಲ್ಯಾಂಡ್' ಅಂಥವರ ಕಥೆ. ಇನ್ನೆಷ್ಟು ವರ್ಷ ಹೀಗೆ ತಿರುಗುತ್ತೀರಿ ಎಂದು ಆ ಅಜ್ಜಿಯನ್ನು ಕೇಳಿದ್ದೆ. "ಕೊಕ್ಕೆ ಎತ್ತಿ ಹಾಕಲು ಇವರ ಬೆನ್ನು ಒಪ್ಪುವವರೆಗೆ" ಎಂದರು. ಆಮೇಲೆ? ಅವರು ಉತ್ತರ ಕೊಡಲಿಲ್ಲ, ಪಾತ್ರೆ ಒರೆಸುತ್ತಿದ್ದರು.

ಕೇರಳ, ಮಹಾರಾಷ್ಟ್ರಗಳು 2021ರಲ್ಲೇ ಕ್ಯಾರವಾನ್ ಪ್ರವಾಸದ ನೀತಿ ತಂದಿವೆ. ಆದರೆ ಎಲ್ಲರೂ ಕ್ಯಾರವಾನ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಊರಲ್ಲಿ ಇನ್ನೂ ಮನೆ ಉಳಿದಿರುವವರು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೇ ಬಿಟ್ಟು ಬರಬಹುದು. ಮನೆ ಮಾರಿಬಿಟ್ಟವರು ಫ್ಲ್ಯಾಟಿನೊಳಗೇ ಹಿರಿಯರಿಗೆ ಒಂದು ಯಜಮಾನಿಕೆ ಹುಡುಕಬೇಕು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಂದು ಕಪಾಟು ಖಾಲಿ ಮಾಡಿಟ್ಟಿದ್ದಾಳೆ. ಅದರ ಡಬ್ಬಿಗಳನ್ನು ಜೋಡಿಸುವವಳು ಅವ್ವ. ಅವಳು ಇಲ್ಲದಾಗಲೂ ಅವು ಜಾಗ ಬಿಟ್ಟು ಕದಲುವಂತಿಲ್ಲ.

ಈ ಮೇ ತಿಂಗಳು ಎರಡು ವಾರ ಗದಗಿನಿಂದಲೇ ಕೆಲಸ ಮಾಡಲು ಆಫೀಸಿನಲ್ಲಿ ಕೇಳಿದ್ದೇನೆ, ಇನ್ನೂ ಒಪ್ಪಿಗೆ ಬಂದಿಲ್ಲ. ಫೋನಿನಲ್ಲಿ ಹೇಳಿದರೆ ಅವ್ವ, "ನೀ ಬಂದರ ಬಾ, ಬಿಟ್ಟರ ಬಿಡು. ಹುಡುಗೂರನ್ನ ಮಾತ್ರ ಕಳಸು. ಹಾಸಿಗಿ ಬಿಸಲಿಗೆ ಹಾಕೇನಿ" ಎಂದಳು.