ವಲಸಿಗನ ಹೊಲ, ವಂಶಜರ ಬೇಲಿ

ಎರಡನೆಯ ಬಾರಿಗೆ ಅಧಿಕಾರ ವಹಿಸಿಕೊಂಡ 2025ರ ಜನವರಿ 20ರಂದೇ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜನ್ಮಸಿದ್ಧ ಪೌರತ್ವವನ್ನು ಮೊಟಕುಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಅಕ್ರಮವಾಗಿ ನೆಲೆಸಿದವರ ಮಕ್ಕಳಿಗಷ್ಟೇ ಅಲ್ಲ, ತಾತ್ಕಾಲಿಕ ವೀಸಾ ಪಡೆದು ದುಡಿಯುವ ದಂಪತಿಗಳಿಗೆ ಅಲ್ಲಿ ಹುಟ್ಟುವ ಮಕ್ಕಳಿಗೂ ಪೌರತ್ವ ದೊರೆಯಬಾರದೆಂಬುದು ಅದರ ತಾತ್ಪರ್ಯ. ಹಲವು ನ್ಯಾಯಾಲಯಗಳು ಕೂಡಲೇ ಅದಕ್ಕೆ ತಡೆಯೊಡ್ಡಿದವು. ಕಾನೂನಿನ ಜಿಜ್ಞಾಸೆ ಏನೇ ಇರಲಿ, ಅದರ ಹಿಂದಿರುವ ಪ್ರಶ್ನೆ ಹಳೆಯದು: ಹೊರಗಿನಿಂದ ಬಂದವನು ಯಾವಾಗ ಆ ನೆಲದವನಾಗುತ್ತಾನೆ? ಒಬ್ಬ ಡಚ್ ರೈತನ ವಂಶಚರಿತ್ರೆ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕ್ಲಾಸ್ ಮಾರ್ಟೆನ್‌ಸೆನ್ ವ್ಯಾನ್ ರೋಸೆನ್‌ವೆಲ್ಟ್ ಎಂಬಾತ ಡಚ್ಚರ ವಸಾಹತಾಗಿದ್ದ ನ್ಯೂ ಆಮ್‌ಸ್ಟರ್‌ಡಾಮ್‌ಗೆ ಬಂದಿಳಿದ. 1652ರ ಸುಮಾರಿಗೆ ಮ್ಯಾನ್‌ಹಟನ್ ದ್ವೀಪದಲ್ಲಿ ಸುಮಾರು 48 ಎಕರೆ ಜಮೀನು ಕೊಂಡು ಬೇಸಾಯಕ್ಕೆ ತೊಡಗಿದ. ಆ ದ್ವೀಪದ ಮೂಲನಿವಾಸಿಗಳಾದ ಲೆನಾಪೆ ಜನರನ್ನು ಹೊರದೂಡಿಯೇ ವಸಾಹತು ಬೆಳೆದಿತ್ತೆಂಬುದನ್ನು ಮರೆಯುವಂತಿಲ್ಲ.

1664ರಲ್ಲಿ ಇಂಗ್ಲಿಷರು ಪಟ್ಟಣವನ್ನು ವಶಪಡಿಸಿಕೊಂಡು ಅದಕ್ಕೆ ನ್ಯೂಯಾರ್ಕ್ ಎಂದು ಹೆಸರಿಟ್ಟರು. ಸೋತ ಡಚ್ಚರು ಪರಕೀಯರಾಗಬಹುದಿತ್ತು. ಆದರೆ ಶರಣಾಗತಿಯ ಒಪ್ಪಂದವು ಅವರ ಮನೆ, ಜಮೀನು, ಧರ್ಮಾಚರಣೆ, ಪಿತ್ರಾರ್ಜಿತ ಹಕ್ಕಿನ ಪದ್ಧತಿ ಎಲ್ಲವನ್ನೂ ಊರ್ಜಿತವಾಗಿ ಉಳಿಸಿತು. ಸ್ವತ್ತಿಗೆ ಭದ್ರತೆಯಿದ್ದಲ್ಲಿ ಮಾತ್ರ ದುಡಿಮೆ ಬಂಡವಾಳವಾಗಿ ಕೂಡಿಕೊಳ್ಳುತ್ತದೆ ಎಂಬುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ. ಕ್ಲಾಸ್‌ನ ಮಗ, ಅಲ್ಲಿಯೇ ಹುಟ್ಟಿದ ನಿಕೊಲಾಸ್, ನ್ಯೂಯಾರ್ಕಿನ ನಗರಸಭೆಯ ಸದಸ್ಯನಾದ. ಮುಂದಿನ ತಲೆಮಾರುಗಳು ಸಕ್ಕರೆ ಶುದ್ಧೀಕರಣ, ಗಾಜಿನ ಆಮದು, ಬ್ಯಾಂಕು, ನಿವೇಶನ ವಹಿವಾಟುಗಳಲ್ಲಿ ಏಳಿಗೆ ಕಂಡವು. ರೋಸೆನ್‌ವೆಲ್ಟ್ ಎಂಬುದು ರೂಸ್‌ವೆಲ್ಟ್ ಆಯಿತು. ನಿಕೊಲಾಸ್‌ನ ಒಬ್ಬ ಮಗನ ಶಾಖೆಯಲ್ಲಿ ಥಿಯೊಡರ್, ಇನ್ನೊಬ್ಬನ ಶಾಖೆಯಲ್ಲಿ ಫ್ರಾಂಕ್ಲಿನ್ ಜನಿಸಿ, ಇಬ್ಬರೂ ರಾಷ್ಟ್ರಾಧ್ಯಕ್ಷರಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಅಮೆರಿಕದ ಔದಾರ್ಯದ ಕಥೆಯಾಗುತ್ತಿತ್ತು. ತಾವೆಲ್ಲರೂ ವಲಸಿಗರ ಸಂತತಿಯೆಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರಲ್ಲಿ ತಮ್ಮ ಕುಲೀನತೆಯ ಬಗ್ಗೆ ಹೆಮ್ಮೆಪಡುವ ಮಹಿಳೆಯರ ಸಂಘವೊಂದಕ್ಕೆ ನೆನಪಿಸಿದ್ದರು. ಅವರೇ 1942ರ ಫೆಬ್ರುವರಿ 19ರಂದು ಹೊರಡಿಸಿದ ಆದೇಶದನ್ವಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಅನೇಕರು ಕ್ಯಾಲಿಫೋರ್ನಿಯಾದ ರೈತರು. ಅಲ್ಲಿನ 1913ರ ಕಾಯ್ದೆ ಅವರ ತಂದೆತಾಯಿಗಳಿಗೆ ಜಮೀನು ಕೊಳ್ಳುವ ಹಕ್ಕನ್ನೇ ನಿರಾಕರಿಸಿತ್ತು. ಡಚ್ ರೈತನಿಗೆ ಸಿಕ್ಕಿದ್ದ ಭದ್ರತೆ ಜಪಾನಿ ರೈತನಿಗೆ ಸಿಗಲಿಲ್ಲ. ಸರ್ಕಾರ ತಪ್ಪೊಪ್ಪಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ನೀಡಲು ಕಾನೂನು ಮಾಡಿದ್ದು 1988ರಲ್ಲಿ.

ಭಾರತೀಯರ ಅನುಭವವೂ ಇದಕ್ಕಿಂತ ತೀರಾ ಬೇರೆಯಲ್ಲ. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವಾರ್ಷಿಕ ಗ್ರೀನ್ ಕಾರ್ಡುಗಳಲ್ಲಿ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮದಿಂದಾಗಿ ನಮ್ಮ ಸಾವಿರಾರು ಕನ್ನಡಿಗ ತಂತ್ರಜ್ಞರೂ ದಶಕಗಟ್ಟಲೆ ಸರದಿಯಲ್ಲಿ ಕಾಯುವಂತಾಗಿದೆ. 2025ರ ಆದೇಶ ಅವರ ಆತಂಕವನ್ನು ಮುಂದಿನ ಪೀಳಿಗೆಗೂ ವಿಸ್ತರಿಸಿತು.

ಗಡಿಯನ್ನು ನಿಯಂತ್ರಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಇದೆ. ಯಾರನ್ನು, ಎಷ್ಟು ಮಂದಿಯನ್ನು ಬರಮಾಡಿಕೊಳ್ಳಬೇಕೆಂಬುದು ಅದರ ನೀತಿಗೆ ಬಿಟ್ಟ ವಿಚಾರ. ಆದರೆ ಬರಮಾಡಿಕೊಂಡು ದುಡಿಸಿಕೊಂಡವರ ಮಕ್ಕಳನ್ನು ಅವರು ಹುಟ್ಟಿದ ನೆಲದಲ್ಲೇ ಪರಕೀಯರನ್ನಾಗಿಸುವುದು ಬೇರೆಯೇ ಮಾತು. ಟ್ರಂಪ್ ಅವರ ಅಜ್ಜನೂ 1885ರಲ್ಲಿ ಜರ್ಮನಿಯಿಂದ ಬಂದ ವಲಸಿಗ. ನಿಕೊಲಾಸ್‌ನನ್ನು ಅಂದು ಡಚ್ಚನೆಂದು ದೂರವಿಟ್ಟಿದ್ದರೆ ಅಮೆರಿಕ ಇಬ್ಬರು ಅಧ್ಯಕ್ಷರನ್ನು ಕಳೆದುಕೊಳ್ಳುತ್ತಿತ್ತು. ಇಂದು ದೂರವಿಡುವ ಮಕ್ಕಳಿಂದ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಯಾವ ಸರ್ಕಾರವೂ ಲೆಕ್ಕ ಹಾಕಲಾರದು.